ವಿಭಾಗದೊಳಗಿನ ಮೌನ ಮತ್ತು ಲೆಕ್ಕಕ್ಕೆ ಬಾರದ ಕೆಲಸ

ಪ್ರಶ್ನೆ: ರಾಜ್ಯದ ವಿಶ್ವವಿದ್ಯಾಲಯವೊಂದರ ಸ್ನಾತಕೋತ್ತರ ವಿಭಾಗಕ್ಕೆ ಸರದಿಯಂತೆ ಈಚೆಗೆ ಅಧ್ಯಕ್ಷೆಯಾಗಿದ್ದೇನೆ. ಕಾಯಂ ಅಧ್ಯಾಪಕರು ನಾಲ್ವರು. ಉಳಿದವರೆಲ್ಲ ಅತಿಥಿ ಉಪನ್ಯಾಸಕರು. ಸಂಶೋಧನಾರ್ಥಿಗಳೂ ಇದ್ದಾರೆ. ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಹೊರಗೆ ಬಂದ ಮೇಲೆ ಅಸಮಾಧಾನವೆಲ್ಲ ಹೊರಬೀಳುತ್ತದೆ. ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸಗಳಿಂದ ವಾತಾವರಣ ಸುಧಾರಿಸೀತೆ?

ಉತ್ತರ: ಯೋಗದಿಂದ ಒಬ್ಬೊಬ್ಬರಿಗೆ ನೆಮ್ಮದಿ ಸಿಗಬಹುದು, ಆದರೆ ನೀವು ವಿವರಿಸಿರುವ ಮೌನ ಅದರಿಂದ ಕರಗಲಾರದು. ಕೆಲಸವನ್ನು ಯಾರು ಹಂಚುತ್ತಾರೆ, ಯಾವ ನ್ಯಾಯದಿಂದ ಹಂಚುತ್ತಾರೆ ಎಂಬುದು ತಿಳಿಯದ ಕಡೆ ಜನ ಸಭೆಯಲ್ಲಿ ಸುಮ್ಮನಿರುವುದೇ ಕ್ಷೇಮವೆಂದು ಭಾವಿಸುತ್ತಾರೆ. ಆದ್ದರಿಂದ ಮೊದಲು ಕಾರ್ಯಭಾರವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಮಾಡಿ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ವೇಳಾಪಟ್ಟಿಯಲ್ಲಿ ಕಾಣುವುದು ಇಷ್ಟೇ. ಸಂಸ್ಥೆಯ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ಗೆ ಕಡತ ಜೋಡಿಸುವುದು, ಆಂತರಿಕ ಅಂಕಗಳನ್ನು ಪೋರ್ಟಲ್‌ಗೆ ಏರಿಸುವುದು, ಪರೀಕ್ಷಾ ಮೇಲ್ವಿಚಾರಣೆ, ವಿಚಾರ ಸಂಕಿರಣಕ್ಕೆ ಬಂದ ಅತಿಥಿಗಳ ಊಟ-ವಸತಿ, ನಡಾವಳಿ ಬರೆಯುವುದು, ಕಣ್ಣೀರು ತುಂಬಿಕೊಂಡು ಬಂದ ವಿದ್ಯಾರ್ಥಿನಿಯ ಜೊತೆ ಒಂದು ತಾಸು ಕೂರುವುದು, ಇವ್ಯಾವುವೂ ಅಲ್ಲಿಲ್ಲ. ಒಂದು ಹಾಳೆಯಲ್ಲಿ ಎಡಕ್ಕೆ ಈ ಕೆಲಸಗಳನ್ನೂ ಮೇಲೆ ಎಲ್ಲರ ಹೆಸರುಗಳನ್ನೂ ಬರೆದು, ಕಳೆದ ಎರಡು ಸೆಮಿಸ್ಟರ್‌ಗಳಲ್ಲಿ ಯಾರು ಏನು ಮಾಡಿದರೆಂದು ಗುರುತು ಹಾಕಿ. ಬಹುತೇಕ ವಿಭಾಗಗಳಲ್ಲಿ ಗುರುತುಗಳು ಇಬ್ಬರು ಮೂವರ ಹೆಸರಿನ ಕೆಳಗೇ ಗುಂಪುಗೂಡಿರುತ್ತವೆ. ಅವರು ಸಾಮಾನ್ಯವಾಗಿ ಕಿರಿಯರು, ಅದರಲ್ಲೂ 'ಇಲ್ಲ' ಎನ್ನಲಾಗದ ಮಹಿಳೆಯರು. ಆ ಹಾಳೆಯನ್ನು ಸಭೆಯಲ್ಲಿಟ್ಟು, ಯಾರನ್ನೂ ದೂಷಿಸದೆ, ಮುಂದಿನ ಸೆಮಿಸ್ಟರ್‌ನ ಕೆಲಸಗಳನ್ನು ಸರದಿಯಂತೆ ಹಂಚಿರಿ. ಹಿರಿಯ ಸಹೋದ್ಯೋಗಿಯೊಬ್ಬರು ಮುನಿಸಿಕೊಳ್ಳುವ ಸಂಭವವಿದೆ. ಅವರೊಡನೆ ಮುಂಚೆಯೇ ಪ್ರತ್ಯೇಕವಾಗಿ ಮಾತನಾಡಿ, ಆದರೆ ಸರದಿಯಿಂದ ಅವರಿಗೆ ವಿನಾಯಿತಿ ಕೊಡಬೇಡಿ. ನಿಮ್ಮ ಹೆಸರೂ ಆ ಹಾಳೆಯಲ್ಲಿರಲಿ.

ಅತಿಥಿ ಉಪನ್ಯಾಸಕರ ಗೌರವಧನವನ್ನು ಹೆಚ್ಚಿಸುವುದು ನಿಮ್ಮ ಕೈಯಲ್ಲಿಲ್ಲ. ಹಾಜರಾತಿ ದೃಢೀಕರಿಸಿ ಬಿಲ್ಲನ್ನು ತಿಂಗಳ ಮೊದಲ ವಾರದಲ್ಲೇ ಕಳಿಸುವುದು ಖಂಡಿತ ನಿಮ್ಮ ಕೈಯಲ್ಲಿದೆ. ಕಡತ ನಿಮ್ಮ ಮೇಜಿನ ಮೇಲೆ ಹತ್ತು ದಿನ ಉಳಿದರೆ ಒಂದು ಮನೆಯ ಬಾಡಿಗೆ ಹತ್ತು ದಿನ ತಡವಾಗುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ. ಅವರಿಗೊಂದು ಮೇಜು, ಬೀಗವಿರುವ ಕಪಾಟು ಕೊಡಿ. ಪಠ್ಯಕ್ರಮದ ಚರ್ಚೆಗೂ ಅವರನ್ನು ಕರೆಯಿರಿ.

ಸಂಶೋಧನಾರ್ಥಿಗಳ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಫೆಲೋಶಿಪ್‌ನ ಹಾಜರಾತಿಯಿಂದ ಪ್ರಬಂಧ ಸಲ್ಲಿಕೆಯವರೆಗೆ ಎಲ್ಲದಕ್ಕೂ ಒಬ್ಬರೇ ಮಾರ್ಗದರ್ಶಕರ ಸಹಿ ಬೇಕಿರುವಾಗ, ಅವರ ಮನೆಯ ವಿದ್ಯುತ್ ಬಿಲ್ ಕಟ್ಟಲು ಹೇಳಿದರೂ ವಿದ್ಯಾರ್ಥಿ ಒಲ್ಲೆ ಎನ್ನಲಾರ. ಇಂಥದ್ದನ್ನು 'ಗುರುಸೇವೆ' ಎಂದು ಒಪ್ಪಿಕೊಂಡು ಬಂದದ್ದು ನಮ್ಮ ವಿಭಾಗಗಳಿಗೆ ದೊಡ್ಡ ಹಾನಿ ಮಾಡಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯುಜಿಸಿಯ 2022ರ ನಿಯಮಗಳ ಪ್ರಕಾರ ಸಂಶೋಧನಾರ್ಥಿಯು ಪ್ರತಿ ಸೆಮಿಸ್ಟರ್‌ನಲ್ಲೂ ಸಲಹಾ ಸಮಿತಿಯ ಮುಂದೆ ತನ್ನ ಪ್ರಗತಿಯನ್ನು ಮಂಡಿಸಬೇಕು. ಆ ಸಭೆ ಕಾಗದದ ಮೇಲಷ್ಟೇ ನಡೆಯದಂತೆ ನೋಡಿಕೊಳ್ಳಿ. ಮಾರ್ಗದರ್ಶಕರಿಲ್ಲದೆ ಅಧ್ಯಕ್ಷರೊಡನೆ ಹತ್ತು ನಿಮಿಷ ಮಾತನಾಡುವ ಅವಕಾಶ ಪ್ರತಿಯೊಬ್ಬ ಸಂಶೋಧನಾರ್ಥಿಗೂ ಇರಲಿ. ಎಲ್ಲರಿಗೂ ಇದ್ದರೆ ದೂರುದಾರ ಯಾರೆಂಬ ಅನುಮಾನ ಹುಟ್ಟುವುದಿಲ್ಲ.

ಸಭೆಯ ವಿಷಯಪಟ್ಟಿಯನ್ನು ಎರಡು ದಿನ ಮುಂಚೆ ಕಳಿಸಿ, ಮೊದಲು ಕಿರಿಯರನ್ನು ಮಾತನಾಡಿಸಿ. ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆದೇಶ ಹಾಕುವ ರೂಢಿಯಿದ್ದರೆ ಇಂದೇ ನಿಲ್ಲಿಸಿ.

ಲೈಂಗಿಕ ಕಿರುಕುಳದ ಮಾತು ಕಿವಿಗೆ ಬಿದ್ದರೆ ರಾಜಿ ಮಾಡಿಸಲು ಹೋಗಬೇಡಿ. 2013ರ ಕಾಯ್ದೆಯಂತೆ ಅದು ಆಂತರಿಕ ಸಮಿತಿಗೆ ಸೇರಿದ್ದು. ಯಾರಾದರೂ ನಿದ್ದೆಗೆಟ್ಟು, ಬದುಕೇ ಬೇಡವೆಂಬ ಮಾತನಾಡಿದರೆ ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ನೀವೇ ಜೊತೆಗೆ ಕುಳಿತು ಕರೆ ಮಾಡಿಸಿ. ಅದು ಉಚಿತವಾಗಿದ್ದು, ಹಗಲು ರಾತ್ರಿ ಲಭ್ಯವಿದೆ, ಕನ್ನಡದಲ್ಲೇ ಮಾತನಾಡಬಹುದು.