ಲೈಂಗಿಕ ಕಾರ್ಯಕರ್ತೆಯರ ಹಕ್ಕಿಗಾಗಿ ಕೆಲಸ ಎಲ್ಲಿಂದ ಶುರು ಮಾಡಬೇಕು?

2022ರಲ್ಲಿ ಸುಪ್ರೀಂ ಕೋರ್ಟ್ ಲೈಂಗಿಕ ವೃತ್ತಿಯನ್ನು ಕಾನೂನುಬದ್ಧಗೊಳಿಸಿದರೂ ದಾಳಿಗಳು ಏಕೆ ನಿಂತಿಲ್ಲ, ನಮ್ಮಂಥ ಸಣ್ಣ ಗುಂಪು ಏನು ಮಾಡಬಹುದು ಎಂದು ಕೇಳಿದ್ದೀರಿ.

ಮೊದಲು, ‘ಕಾನೂನುಬದ್ಧಗೊಳಿಸಿತು’ ಎಂಬ ಮಾತನ್ನು ಕರಪತ್ರದಿಂದ ತೆಗೆಯಿರಿ. ಠಾಣೆಯಲ್ಲಿ ನೀವು ಸೋಲುವುದು ಅಲ್ಲೇ. ವಯಸ್ಕ ಹೆಣ್ಣು ತನ್ನಿಚ್ಛೆಯಿಂದ ಈ ವೃತ್ತಿ ಮಾಡುವುದು ನಮ್ಮಲ್ಲಿ ಮುಂಚೆಯೂ ಅಪರಾಧವಾಗಿರಲಿಲ್ಲ. ಪೊಲೀಸರು ಐಟಿಪಿಎ ಎನ್ನುವ 1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆ ಶಿಕ್ಷಿಸುವುದು ಅದರ ಸುತ್ತಲಿನದನ್ನು: ವೇಶ್ಯಾಗೃಹ ನಡೆಸುವುದು 3ನೇ ಕಲಂ, ಆ ಸಂಪಾದನೆಯಲ್ಲಿ ಬದುಕುವುದು 4ನೇ ಕಲಂ, ಬೀದಿಯಲ್ಲಿ ಗಿರಾಕಿ ಕರೆಯುವುದು 8ನೇ ಕಲಂ. ಇವೆಲ್ಲ ಇಂದಿಗೂ ಜಾರಿಯಲ್ಲಿವೆ. 2022ರ ಮೇ 19ರ ಆದೇಶದಲ್ಲಿ ಕೋರ್ಟ್ ತಾನೇ ನೇಮಿಸಿದ್ದ ಸಮಿತಿಯ ಹತ್ತು ಶಿಫಾರಸುಗಳ ಪೈಕಿ ಆರನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ರಾಜ್ಯಗಳಿಗೆ ಹೇಳಿತು. ‘ದಾಳಿಯಲ್ಲಿ ಹೆಣ್ಣುಮಕ್ಕಳನ್ನು ಬಂಧಿಸಬಾರದು’ ಎಂಬುದು ಆ ಆರರಲ್ಲಿ ಇರಲಿಲ್ಲ. ಅದಕ್ಕೆ ಕೇಂದ್ರ ಸರ್ಕಾರದ ತಕರಾರಿತ್ತು.

ಆದರೆ ಆ ಆರರಲ್ಲೇ ಬೇಕಾದಷ್ಟು ಬಲವಿದೆ. ಕಾಂಡೋಮ್ ವಿಷಯ ನೋಡಿ. ದಾಳಿಯ ಮಹಜರಿನಲ್ಲಿ ಮೊಬೈಲ್, ನಗದಿನ ಜೊತೆ ‘ಇಷ್ಟು ಕಾಂಡೋಮ್ ಪ್ಯಾಕೆಟ್’ ಎಂದು ಬರೆದು ಜಪ್ತಿ ಮಾಡುವುದು ಹಳೆಯ ರೂಢಿ. ಸರ್ಕಾರದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಪುಕ್ಕಟೆ ಹಂಚಿದ್ದನ್ನೇ ಠಾಣೆ ಸಾಕ್ಷ್ಯ ಮಾಡುತ್ತದೆ. ಪರಿಣಾಮವಾಗಿ ಹೆಂಗಸರು ಚೀಲದಲ್ಲಿ ಕಾಂಡೋಮ್ ಇಟ್ಟುಕೊಳ್ಳಲು ಹೆದರುತ್ತಾರೆ, ಸೋಂಕು ಹರಡುತ್ತದೆ. ಕೋರ್ಟ್ ಇದನ್ನು ಸ್ಪಷ್ಟವಾಗಿ ತಡೆದಿದೆ: ಆರೋಗ್ಯಕ್ಕಾಗಿ ಇಟ್ಟುಕೊಂಡದ್ದು ಅಪರಾಧದ ಸಾಕ್ಷ್ಯವಲ್ಲ. ನಿಮ್ಮ ಮೊದಲ ಮನವಿ ಇದೊಂದರ ಮೇಲೆಯೇ ಇರಲಿ, ಒಂದೇ ಪುಟ, ಜೊತೆಗೆ ಆದೇಶದ ಪ್ರತಿ. ಎಸ್‌ಪಿ ಅಥವಾ ಕಮಿಷನರ್ ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಅಧಿಕಾರಿಯ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ. ಎಲ್ಲ ಠಾಣೆಗಳಿಗೂ ಸುತ್ತೋಲೆ ಹೊರಡಿಸಿ ಎಂದೇ ಕೇಳಿ.

ದಾಳಿಯೇ ನಡೆದರೆ ಐಟಿಪಿಎಯ 15ನೇ ಕಲಂ ನೆನಪಿರಲಿ. ಶೋಧಕ್ಕೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸ್ ಅಧಿಕಾರಿಗಳು ಜೊತೆಗಿರಬೇಕು, ಶೋಧಕ್ಕೆ ಸಾಕ್ಷಿಯಾಗಿ ಕರೆಸುವ ಪಂಚರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಯಾರು ಬಂದರು, ಎಷ್ಟು ಹೊತ್ತಿಗೆ, ಯಾವ ಗಾಡಿ ಎಂಬುದನ್ನು ಅಂದೇ ಬರೆದಿಡಿ. ವಾರ ಕಳೆದರೆ ನೆನಪು ಮಸುಕಾಗುತ್ತದೆ, ವಕೀಲರ ಕೈಗೆ ಏನೂ ಸಿಗುವುದಿಲ್ಲ. ವಕೀಲರಿಗೆ ದುಡ್ಡಿಲ್ಲ ಎಂದು ಯಾರೂ ಹಿಂದೆ ಸರಿಯಬೇಕಿಲ್ಲ: ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕು. ಸಹಾಯವಾಣಿ 15100.

ಅತ್ಯಾಚಾರ, ಹೊಡೆತದ ದೂರು ಕೊಟ್ಟಾಗ ‘ನಿನಗೇನು ಹೊಸತಾ’ ಎಂದು ವಾಪಸು ಕಳಿಸುವುದು ಬಹಳ ಕ್ರೂರ, ಕಾನೂನುಬಾಹಿರವೂ ಹೌದು. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದು. ಒಪ್ಪದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಿ. ಆಸ್ಪತ್ರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕು. ಎಫ್‌ಐಆರ್ ಆಗುವ ತನಕ ಕಾಯುತ್ತ ಕೂರಬೇಡಿ, ಮೊದಲು ಆಸ್ಪತ್ರೆ.

ಇನ್ನು ಕಾಯ್ದೆಯ ತಿದ್ದುಪಡಿ. ಇದು ದೀರ್ಘ ಹೋರಾಟ, ಆದರೆ ಏನನ್ನು ಕೇಳುತ್ತಿದ್ದೇವೆ ಎಂಬುದು ನಿಖರವಾಗಿರಲಿ. 2ನೇ ಕಲಮಿನ ಪ್ರಕಾರ ಇಬ್ಬರು ಹೆಂಗಸರು ತಮ್ಮಿಬ್ಬರ ಲಾಭಕ್ಕೆ ಒಂದೇ ಮನೆಯಲ್ಲಿ ವೃತ್ತಿ ಮಾಡಿದರೂ ಅದು ವೇಶ್ಯಾಗೃಹ. ಪಕ್ಕದ ಕೋಣೆಯಲ್ಲಿ ಗೆಳತಿ ಇದ್ದರೆ ಕೂಗಿದರೆ ಕೇಳಿಸುತ್ತದೆ. ಆ ಒಂದು ಭದ್ರತೆಯನ್ನೇ ಕಾನೂನು ಅಪರಾಧ ಮಾಡಿದೆ. 4ನೇ ಕಲಮಂತೂ ಆಕೆಯ ದುಡಿಮೆಯಲ್ಲಿ ಬದುಕುವ ಮುದಿ ತಾಯಿಯನ್ನೂ ಬಿಡುವುದಿಲ್ಲ. ನ್ಯೂಜಿಲೆಂಡ್ 2003ರಲ್ಲೇ ಕಾನೂನು ಬದಲಿಸಿತು. ಅಲ್ಲಿ ನಾಲ್ವರವರೆಗೆ ಯಾರ ಪರವಾನಗಿಯೂ ಇಲ್ಲದೆ ಒಟ್ಟಾಗಿ ಕೆಲಸ ಮಾಡಬಹುದು. ‘ಹಾಗಾದರೆ ಮಕ್ಕಳ ಕಥೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. 18 ತುಂಬದವರ ವಿಷಯದಲ್ಲಿ ಒಪ್ಪಿಗೆಯ ಮಾತೇ ಇಲ್ಲ, ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇದನ್ನು ನಿಮ್ಮ ಮನವಿಯಲ್ಲೂ ಬರೆಯಿರಿ.

ಮನವಿಗೆ ಹೆಂಗಸರ ಹೆಸರು, ಸಹಿ, ವಿಳಾಸ ಹಾಕಿಸಬೇಡಿ. ಕಡತ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ಮನೆಯವರಿಗೆ ತಿಳಿಸದೆ ದುಡಿಯುವವರು ಬಹಳ ಮಂದಿ ಇದ್ದಾರೆ. ಏನು ಕೇಳಬೇಕೆಂದು ಅವರ ಸಂಘವೇ ತೀರ್ಮಾನಿಸಲಿ, ಸಹಿ ಮಾತ್ರ ನಿಮ್ಮ ಗುಂಪಿನದಿರಲಿ.