ಕಿಣ್ವ ಖರ್ಚಾಗುವುದಿಲ್ಲ ಎಂದಾದರೆ ಮತ್ತೆ ಮತ್ತೆ ತಯಾರಿಸುವುದೇಕೆ?

ಪ್ರಶ್ನೆ: ವೇಗವರ್ಧಕವು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ ಎಂದು ಓದಿದ್ದೇನೆ. ಕಿಣ್ವಗಳು ಜೈವಿಕ ವೇಗವರ್ಧಕಗಳಾದ ಮೇಲೆ ಅವೂ ಖರ್ಚಾಗಬಾರದಲ್ಲವೇ? ಹಾಗಿದ್ದರೂ ಜೀವಕೋಶಗಳು ಅವನ್ನು ಸದಾ ಹೊಸದಾಗಿ ತಯಾರಿಸುತ್ತಿರುವುದೇಕೆ? ಕ್ರಿಯೆಗೆ ಬೇಕಾದ ಶಕ್ತಿಯನ್ನು ಕಿಣ್ವ ಎಲ್ಲಿಂದ ತರುತ್ತದೆ?
– ವಿಜ್ಞಾನದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಕಿಣ್ವಗಳ ಬಗೆಗಿನ ಎಷ್ಟೋ ತಪ್ಪು ತಿಳಿವಳಿಕೆಗಳು ಅಲ್ಲಿಂದಲೇ ಹುಟ್ಟುತ್ತವೆ. ಕಿಣ್ವವು ಕ್ರಿಯೆಗೆ ಶಕ್ತಿಯನ್ನು ತುಂಬುವುದಿಲ್ಲ. ಒಂದು ಅಣು ಇನ್ನೊಂದಾಗಿ ಮಾರ್ಪಡಬೇಕಾದರೆ ಹಳೆಯ ಬಂಧಗಳು ಸಡಿಲಗೊಂಡು ಹೊಸವು ಇನ್ನೂ ಗಟ್ಟಿಯಾಗದ ಒಂದು ಇಕ್ಕಟ್ಟಿನ ಸ್ಥಿತಿಯನ್ನು ಅದು ದಾಟಲೇಬೇಕು. ಆ ಹೊಸ್ತಿಲನ್ನು ದಾಟಲು ಬೇಕಾದ ಶಕ್ತಿಗೆ ಸಕ್ರಿಯಣ ಶಕ್ತಿ ಎಂದು ಹೆಸರು. ಪ್ರಯೋಗಾಲಯದಲ್ಲಿ ನಾವು ಕಾಯಿಸಿ ಅಣುಗಳನ್ನು ಹೊಸ್ತಿಲು ದಾಟಿಸುತ್ತೇವೆ. ಕಾಯಿಸಿದರೆ ಬದುಕಲಾರದ ಜೀವಕೋಶವು ಕಿಣ್ವದ ಮೂಲಕ ಹೊಸ್ತಿಲನ್ನೇ ತಗ್ಗಿಸಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ಕಾಣಲು, ಗಾಯ ತೊಳೆಯುವ ತೆಳು ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಹಸಿ ಆಲೂಗಡ್ಡೆಯ ಹೋಳಿನ ಮೇಲೆ ನಾಲ್ಕು ಹನಿ ಹಾಕಿ ನೋಡಿ. ಸೀಸೆಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ದ್ರಾವಣವು ಹೋಳನ್ನು ಮುಟ್ಟಿದೊಡನೆ ಬಿಳಿ ನೊರೆ ಕಟ್ಟುತ್ತದೆ. ಆ ನೊರೆಯ ಗುಳ್ಳೆಗಳಲ್ಲಿರುವುದು ಆಮ್ಲಜನಕ. ನೊರೆ ಅಡಗಿದ ಮೇಲೆ ಅದೇ ಜಾಗಕ್ಕೆ ಮತ್ತೆರಡು ಹನಿ ಹಾಕಿದರೆ ಮತ್ತೆ ನೊರೆ ಏಳುತ್ತದೆ. ಮುಗಿದದ್ದು ಪೆರಾಕ್ಸೈಡ್, ಆಲೂಗಡ್ಡೆಯಲ್ಲಿರುವ ಕಿಣ್ವವಲ್ಲ. ಚೆನ್ನಾಗಿ ಬೇಯಿಸಿದ ಹೋಳಿನ ಮೇಲೆ ಮಾತ್ರ ಏನೂ ಆಗುವುದಿಲ್ಲ, ಏಕೆಂದರೆ ಆ ಕಿಣ್ವವೊಂದು ಪ್ರೋಟೀನು; ಬಿಸಿಗೆ ಅದರ ಮಡಿಕೆಗಳು ಬಿಚ್ಚಿ ಅದರ ಆಕಾರ ಕೆಟ್ಟಿರುತ್ತದೆ.

ಇಲ್ಲಿ ಕೆಲಸ ಮಾಡಿದ ಕಿಣ್ವದ ಹೆಸರು ಕೆಟಲೇಸ್. ಇದರ ಒಂದು ಅಣುವಿನಲ್ಲಿ ನಾಲ್ಕು ಉಪಘಟಕಗಳಿದ್ದು, ಪ್ರತಿಯೊಂದರ ಒಡಲಾಳದಲ್ಲಿ, ಸಕ್ರಿಯ ತಾಣವೆಂದು ಕರೆಯುವ ಇಕ್ಕಟ್ಟಾದ ಗೂಡಿನಲ್ಲಿ, ಒಂದು ಕಬ್ಬಿಣದ ಪರಮಾಣು ಕುಳಿತಿರುತ್ತದೆ. ಒಳಬಂದ ಮೊದಲ ಪೆರಾಕ್ಸೈಡ್ ಅಣು ತನ್ನ ಒಂದು ಆಮ್ಲಜನಕ ಪರಮಾಣುವನ್ನು ಆ ಕಬ್ಬಿಣಕ್ಕೆ ಒಪ್ಪಿಸಿ ನೀರಾಗಿ ಹೊರಬೀಳುತ್ತದೆ. ಈ ಗಳಿಗೆಯಲ್ಲಿ ಕಿಣ್ವ ಮೊದಲಿನಂತಿಲ್ಲ, ನಿಜಕ್ಕೂ ಬದಲಾಗಿದೆ. ಆದರೆ ಎರಡನೆಯ ಪೆರಾಕ್ಸೈಡ್ ಅಣು ಬಂದು ಆ ಪರಮಾಣುವನ್ನು ಬಿಡಿಸಿಕೊಂಡಾಗ ಆಮ್ಲಜನಕ ಅನಿಲವೂ ಇನ್ನೊಂದು ನೀರಿನ ಅಣುವೂ ಹೊರಬಂದು, ಕಬ್ಬಿಣ ತನ್ನ ಹಳೆಯ ಸ್ಥಿತಿಗೆ ಮರಳುತ್ತದೆ. ವೇಗವರ್ಧಕವು ಕ್ರಿಯೆಯಲ್ಲಿ ಪಾಲ್ಗೊಳ್ಳುವುದಿಲ್ಲ ಎಂದು ಕೆಲವೆಡೆ ಬರೆಯುವುದುಂಟು, ಅದು ಸರಿಯಲ್ಲ. ಅದು ಪೂರ್ತಿಯಾಗಿ ಪಾಲ್ಗೊಂಡು, ಒಂದೇ ದೊಡ್ಡ ಹೊಸ್ತಿಲಿನ ಬದಲು ಎರಡು ಚಿಕ್ಕ ಹೊಸ್ತಿಲುಗಳ ದಾರಿಯನ್ನು ತೆರೆದು, ಕೊನೆಯಲ್ಲಿ ಮೊದಲಿನಂತಾಗುತ್ತದೆ.

ಗೂಡಿಗೆ ಎಲ್ಲ ಅಣುಗಳೂ ಹೊಂದುವುದಿಲ್ಲ. ಇದನ್ನು ರಸಾಯನವಿಜ್ಞಾನಿ ಎಮಿಲ್ ಫಿಷರ್ 1894ರಲ್ಲಿ ಬೀಗ ಮತ್ತು ಬೀಗದ ಕೈಗೆ ಹೋಲಿಸಿದರು; ಅಣು ಒಳಬರುವಾಗ ಕಿಣ್ವವೂ ತುಸು ಬಾಗಿ ತನ್ನನ್ನು ಹೊಂದಿಸಿಕೊಳ್ಳುತ್ತದೆ ಎಂಬ ತಿದ್ದುಪಡಿಯನ್ನು ಜೀವರಸಾಯನವಿಜ್ಞಾನಿ ಡೇನಿಯಲ್ ಕಾಶ್‌ಲ್ಯಾಂಡ್ 1958ರಲ್ಲಿ ಮುಂದಿಟ್ಟರು.

ಕ್ರಿಯೆ ಯಾವ ಕಡೆಗೆ ಸಾಗಬೇಕೆಂಬುದನ್ನೂ ಕಿಣ್ವ ನಿರ್ಧರಿಸುವುದಿಲ್ಲ. ಕೆಂಪು ರಕ್ತಕಣಗಳಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಬೈಕಾರ್ಬನೇಟ್ ಆಗಿಸಬಲ್ಲದು. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವ ಅಂಗಾಂಶಗಳಲ್ಲಿ ಕ್ರಿಯೆ ಹೀಗೆ ನಡೆದರೆ, ಅದು ಉಸಿರಿನೊಡನೆ ಹೊರಹೋಗುವ ಶ್ವಾಸಕೋಶದಲ್ಲಿ ಅದೇ ಕಿಣ್ವ ಅದೇ ಕ್ರಿಯೆಯನ್ನು ಹಿಮ್ಮುಖವಾಗಿ ನಡೆಸುತ್ತದೆ.

ಇನ್ನು ನಿಮ್ಮ ಮುಖ್ಯ ಸಂದೇಹಕ್ಕೆ ಬರೋಣ. ಕ್ರಿಯೆಯಲ್ಲಿ ಖರ್ಚಾಗದಿರುವುದು ಬೇರೆ, ಎಂದೆಂದಿಗೂ ಕೆಡದಿರುವುದು ಬೇರೆ. ಕಿಣ್ವಗಳಲ್ಲಿ ಬಹುತೇಕ ಎಲ್ಲವೂ ಪ್ರೋಟೀನುಗಳು. ದುರ್ಬಲ ಬಂಧಗಳಿಂದ ಮಡಿಚಿಕೊಂಡಿರುವ ಅವುಗಳ ಆಕಾರವು ಕಾಲಕ್ರಮೇಣ ಕೆಡುತ್ತದೆ. ಕೆಟಲೇಸ್ ತಾನು ಒಡೆಯುವ ಪೆರಾಕ್ಸೈಡಿನಿಂದಲೇ ನಿಧಾನವಾಗಿ ಹಾಳಾಗುತ್ತದೆ. ಆದರೆ ಇದಕ್ಕಿಂತ ದೊಡ್ಡ ಕಾರಣವೊಂದಿದೆ ಎಂಬುದು ನನ್ನ ಅಭಿಪ್ರಾಯ. ಬೇಡವಾದಾಗಲೂ ದುಡಿಯುತ್ತಲೇ ಇರುವ ಕಿಣ್ವ ಜೀವಕೋಶಕ್ಕೆ ಅಪಾಯಕಾರಿ. ಆದ್ದರಿಂದ ಕೋಶವು ಎಷ್ಟೋ ಕಿಣ್ವಗಳನ್ನು ಅವು ಚೆನ್ನಾಗಿರುವಾಗಲೇ ಬೇಕೆಂದು ಕಳಚಿ, ಅವುಗಳ ಅಮೈನೋ ಆಮ್ಲಗಳನ್ನು ಬೇರೆಡೆ ಬಳಸಿಕೊಳ್ಳುತ್ತದೆ. ಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಅರ್ಧದಷ್ಟು ಅಣುಗಳು ಸಾಮಾನ್ಯವಾಗಿ ಒಂದು ಗಂಟೆಯೊಳಗೇ ಇಲ್ಲವಾಗುತ್ತವೆ. ಬೇಕಾದಾಗ ತಯಾರಿಸುವುದು, ಸಾಕಾದಾಗ ಕಳಚುವುದು, ಇವೆರಡರಿಂದಲೇ ಕೋಶವು ಅದರ ಪ್ರಮಾಣವನ್ನು ಹತೋಟಿಯಲ್ಲಿಡುತ್ತದೆ.

ಹೊಸ ಕಿಣ್ವ ತಯಾರಿಸಲಾಗದ ಕೋಶವೂ ನಮ್ಮ ದೇಹದಲ್ಲೇ ಇದೆ. ಪೂರ್ಣವಾಗಿ ಬೆಳೆದ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೂ ಇಲ್ಲ, ಪ್ರೋಟೀನು ಕಟ್ಟುವ ಸಲಕರಣೆಯೂ ಇಲ್ಲ. ಬೆಳೆಯುವ ಹಂತದಲ್ಲಿ ತುಂಬಿಕೊಂಡ ಕಿಣ್ವಗಳಿಂದಲೇ ಅದು ಸುಮಾರು 120 ದಿನ ಬಾಳಬೇಕು. ದಿನ ಕಳೆದಂತೆ ಅವುಗಳಲ್ಲಿ ಹಲವು ಕಿಣ್ವಗಳ ಚಟುವಟಿಕೆ ಕುಗ್ಗುತ್ತಾ ಹೋಗುತ್ತದೆ; ಮುಪ್ಪಾದ ಕಣವನ್ನು ಗುಲ್ಮದಲ್ಲಿ ಮತ್ತು ಯಕೃತ್ತಿನಲ್ಲಿರುವ ಭಕ್ಷಕ ಕೋಶಗಳು ಗುರುತಿಸಿ ನುಂಗುತ್ತವೆ.