ರೇಡಾರ್ ಚಾರ್ಟ್‌ನಲ್ಲಿ ರಾಗಿ ಯಾಕೆ ಸೂಜಿ ತರ ಕಾಣುತ್ತದೆ?

ರಾಗಿ, ಜೋಳ, ಅಕ್ಕಿ ಮೂರನ್ನೂ ಪ್ರೋಟೀನ್, ನಾರು, ಕಬ್ಬಿಣ, ಕ್ಯಾಲ್ಸಿಯಂ ಲೆಕ್ಕದಲ್ಲಿ ಹೋಲಿಸೋಕೆ ಎಕ್ಸೆಲ್‌ನಲ್ಲಿ ರೇಡಾರ್ ಚಾರ್ಟ್ ಹಾಕಿದ್ದೀರಿ, ಅಂದ್ರೆ ನಡುವಿನಿಂದ ಸುತ್ತಲೂ ಪ್ರತಿ ಪೋಷಕಾಂಶಕ್ಕೆ ಒಂದೊಂದು ಗೆರೆ ಹೊರಟು, ಅವುಗಳ ಮೇಲಿನ ಅಂಕಿಗಳನ್ನು ಜೋಡಿಸಿದ ಜೇಡರ ಬಲೆಯಂಥ ಚಿತ್ರ. ರಾಗಿ ಒಂದೇ ಕಡೆ ಸೂಜಿ ತರ ಚಾಚಿಕೊಂಡಿದೆ, ಉಳಿದದ್ದೆಲ್ಲ ನಡುವೆ ಒತ್ತಿಕೊಂಡಿದೆ, ಏನು ತಪ್ಪಾಗಿದೆ ಅಂತ ನಿಮ್ಮ ಪ್ರಶ್ನೆ.

ಅಂಕಿಗಳನ್ನು ಇದ್ದ ಹಾಗೇ ಹಾಕಿದ್ದೇ ಕಾರಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಪಟ್ಟಿ ನೋಡಿ: 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 364 ಮಿಲಿಗ್ರಾಂ, ಕಬ್ಬಿಣ 4.6 ಮಿಲಿಗ್ರಾಂ, ಪ್ರೋಟೀನ್ 7.2 ಗ್ರಾಂ. ಎಕ್ಸೆಲ್‌ಗೆ ಗ್ರಾಂ, ಮಿಲಿಗ್ರಾಂ ಗೊತ್ತಿಲ್ಲ. ಎಲ್ಲ ಗೆರೆಗಳಿಗೂ ಒಂದೇ ಅಳತೆ ಇಟ್ಟುಬಿಡುತ್ತದೆ.

ಹಾಗಾಗಿ ಮೊದಲು ಪ್ರತಿ ಪೋಷಕಾಂಶದಲ್ಲೂ ಮೂರರಲ್ಲಿ ಯಾವುದು ಜಾಸ್ತಿಯೋ ಅದನ್ನು 100 ಮಾಡಿ, ಉಳಿದವನ್ನು ಅದರ ಶೇಕಡಾ ಲೆಕ್ಕಕ್ಕೆ ತನ್ನಿ. ಆಗ ರಾಗಿಗೆ ಪ್ರೋಟೀನ್ 72, ಮಿಕ್ಕ ಮೂರೂ 100. ಜೋಳಕ್ಕೆ ಪ್ರೋಟೀನ್ 100, ನಾರು 91, ಕಬ್ಬಿಣ 86, ಕ್ಯಾಲ್ಸಿಯಂ ಬರೀ 8. ಪಾಲಿಶ್ ಅಕ್ಕಿಗೆ ಅದೇ ಕ್ರಮದಲ್ಲಿ 80, 25, 14, 2. ಅಳತೆಯನ್ನು 0ಯಿಂದ 100ಕ್ಕೆ ನೀವೇ ನಿಗದಿ ಮಾಡಿ, ಎಕ್ಸೆಲ್‌ಗೆ ಬಿಡಬೇಡಿ. ಕೆಲವರು ಕನಿಷ್ಠವನ್ನು 0, ಗರಿಷ್ಠವನ್ನು 100 ಮಾಡಿ ಅಂತಾರೆ, ಅದು ಇಲ್ಲಿ ಖಂಡಿತ ಬೇಡ, ಯಾಕಂದ್ರೆ ಮೂರರಲ್ಲಿ ಪ್ರೋಟೀನ್ ಕಮ್ಮಿ ಇರೋದು ರಾಗಿಯಲ್ಲಿ, ಅದು ಸೊನ್ನೆಗೆ ಇಳಿದು ರಾಗಿಯಲ್ಲಿ ಪ್ರೋಟೀನೇ ಇಲ್ಲ ಅನ್ನೋ ಹಾಗೆ ಕಾಣುತ್ತದೆ.

ಈ ಲೆಕ್ಕದಲ್ಲೂ ಒಂದು ತೊಡಕಿದೆ. ನಾಳೆ ಸಜ್ಜೆ ಸೇರಿಸಿದಿರಿ ಅನ್ನಿ, ಅದರ ಕಬ್ಬಿಣ 6.4. ರಾಗಿಯ 100 ತಟ್ಟನೆ 72 ಆಗುತ್ತದೆ, ರಾಗಿಯಲ್ಲಿ ಏನೂ ಬದಲಾಗದಿದ್ದರೂ. ದೊಡ್ಡವರಿಗೆ ದಿನಕ್ಕೆ ಬೇಕಾದ ಪ್ರಮಾಣದಿಂದ ಭಾಗಿಸಿದರೆ ಈ ಕಷ್ಟ ಇಲ್ಲ. ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ ಬೇಕು, 100 ಗ್ರಾಂ ರಾಗಿ ಅದರಲ್ಲಿ 36 ಪರ್ಸೆಂಟ್ ಕೊಡುತ್ತದೆ. ಓದುವವರಿಗೂ ಇದೇ ಉಪಯೋಗ, ನನ್ನ ಓಟು ಇದಕ್ಕೇ.

ಆದರೆ ಅಳತೆಗಿಂತ ಜಾಸ್ತಿ ದಾರಿ ತಪ್ಪಿಸೋದು ಗೆರೆಗಳ ಕ್ರಮ, ಇದನ್ನು ಹೇಳೋರು ಕಮ್ಮಿ. ಮೇಲಿನ ಅಕ್ಕಿಯ ಅಂಕಿಗಳನ್ನೇ ತಗೊಳ್ಳಿ. ಪ್ರೋಟೀನ್, ನಾರು, ಕ್ಯಾಲ್ಸಿಯಂ, ಕಬ್ಬಿಣ ಅಂತ ಸುತ್ತ ಜೋಡಿಸಿ ಒಂದು ಚಿತ್ರ ಬರೆಯಿರಿ. ಈಗ ನಾರು, ಕ್ಯಾಲ್ಸಿಯಂ ಎರಡರ ಜಾಗ ಮಾತ್ರ ಅದಲುಬದಲು ಮಾಡಿ. ಅಕ್ಕಿಯ ಆಕಾರದ ವಿಸ್ತೀರ್ಣ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ! ಅಕ್ಕಪಕ್ಕದ ಎರಡು ಅಂಕಿಗಳ ಗುಣಲಬ್ಧಗಳನ್ನು ಕೂಡಿಸಿದಷ್ಟು ವಿಸ್ತೀರ್ಣ ಬೆಳೆಯೋದು, ದೊಡ್ಡ ಅಂಕಿಯ ಪಕ್ಕ ಚಿಕ್ಕದು ಕೂತರೆ ಆಕಾರ ಕುಗ್ಗುತ್ತದೆ, ಅಷ್ಟೇ. ಜೊತೆಗೆ ಎಲ್ಲ ಅಂಕಿ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು. ನೋಡುವವರ ಕಣ್ಣು ಹೋಗೋದು ಆ ವಿಸ್ತೀರ್ಣದ ಮೇಲೇ ಅಲ್ವಾ?

ಅದಕ್ಕೇ ಆಕಾರದ ಒಳಗೆ ಬಣ್ಣ ತುಂಬಬೇಡಿ, ಅಂಚಿನ ಗೆರೆ ಸಾಕು. ಬಣ್ಣ ತುಂಬಿದರೆ ರಾಗಿಯ ಹಿಂದೆ ಅಕ್ಕಿ ಮುಚ್ಚಿಹೋಗುತ್ತದೆ. ಮೂರನ್ನೂ ಒಂದರ ಮೇಲೊಂದು ಹಾಕೋ ಬದಲು ಪಕ್ಕಪಕ್ಕದಲ್ಲಿ ಮೂರು ಚಿಕ್ಕ ಚಾರ್ಟ್ ಇಡಿ, ಗೆರೆಗಳ ಕ್ರಮ ಮೂರರಲ್ಲೂ ಒಂದೇ ಇರಲಿ. ಬೆಲೆ ಸೇರಿಸುವ ಯೋಚನೆ ಇದ್ದರೆ ಅದನ್ನು ತಿರುಗಿಸಿ ಹಾಕಿ, ಒಂದು ರೂಪಾಯಿಗೆ ಎಷ್ಟು ಗ್ರಾಂ ಬರುತ್ತದೆ ಅಂತ, ಆಗ ಎಲ್ಲ ಗೆರೆಯಲ್ಲೂ ಹೊರಗೆ ಹೋದಷ್ಟೂ ಒಳ್ಳೆಯದು ಅಂತಾಗುತ್ತದೆ.

ಯಾವ ಧಾನ್ಯ ಯಾವುದರಲ್ಲಿ ಮುಂದೆ, ಯಾವುದರಲ್ಲಿ ಹಿಂದೆ ಅಂತ ಒಂದು ನೋಟಕ್ಕೆ ತೋರಿಸೋಕೆ ರೇಡಾರ್ ಚೆನ್ನಾಗಿದೆ. ಆದರೆ ರಾಗಿಯ ಕ್ಯಾಲ್ಸಿಯಂ ಅಕ್ಕಿಗಿಂತ 48 ಪಟ್ಟು ಜಾಸ್ತಿ ಅನ್ನೋದು ಜನಕ್ಕೆ ಮುಟ್ಟಬೇಕಾದರೆ ನಾನು ಸಾದಾ ಬಾರ್ ಚಾರ್ಟ್ ಹಾಕಿ, ಪ್ರತಿ ಬಾರ್ ತುದಿಗೂ ಮಿಲಿಗ್ರಾಂ ಬರೆಯುತ್ತೇನೆ.